ಇಂಗ್ಲೆಂಡಿನ ಶಾಲೆಗೆ ಸಹಿ ಹಾಕುವ ಮುನ್ನ ಕೇಳಬೇಕಾದ್ದು

ಇಂಗ್ಲೆಂಡಿನ ಸೆಕೆಂಡರಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಟೀಚರುಗಳಿಗೆ ಒತ್ತಡ ವಿಪರೀತವಂತೆ, ನಿಜವೇ ಎಂದು ಕೇಳಿದ್ದೀರಿ. ನಿಜವೇ. ಆದರೆ ಎಲ್ಲ ಶಾಲೆಯಲ್ಲೂ ಒಂದೇ ಸಮ ಅಲ್ಲ. ಮಕ್ಕಳೂ ಪರೀಕ್ಷೆಯೂ ಅವೇ ಇದ್ದರೂ, ಶಾಲೆ ನಡೆಸುವವರ ರೀತಿ ಬದಲಾದರೆ ಅದೇ ಕೆಲಸ ಹಗುರವಾಗುತ್ತದೆ, ಇಲ್ಲವೇ ಆರೋಗ್ಯವನ್ನೇ ತಿನ್ನುತ್ತದೆ.

ಕೆಲಸ ಎಷ್ಟಿದೆ ಎನ್ನುವುದರ ಜೊತೆಗೆ, ಅದರ ಮೇಲೆ ನಿಮ್ಮ ಹಿಡಿತ ಎಷ್ಟಿದೆ ಎಂದೂ ನೋಡಿ. 1979ರಲ್ಲಿ ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ ತೋರಿಸಿದ್ದು ಇದನ್ನೇ: ಬೇಡಿಕೆ ಜಾಸ್ತಿ, ನಿರ್ಧರಿಸುವ ಅವಕಾಶ ಕಡಿಮೆ ಇರುವ ಕೆಲಸವೇ ಜನರನ್ನು ಹೆಚ್ಚು ಬಳಲಿಸುತ್ತದೆ. ಪ್ರತಿ ಪಾಠಕ್ಕೂ ಬರೆದ ಯೋಜನೆ ಕೊಡಬೇಕು, ಪ್ರತಿ ಪುಸ್ತಕವನ್ನೂ ಇಂಥದೇ ಬಣ್ಣದ ಪೆನ್ನಿನಲ್ಲಿ ತಿದ್ದಬೇಕು, ರಾತ್ರಿ ಬಂದ ಈಮೇಲ್‌ಗೆ ಬೆಳಗಾಗುವುದರೊಳಗೆ ಉತ್ತರ ಬೇಕು ಎನ್ನುವ ಶಾಲೆ ಈ ಜಾತಿಯದು. 'ಆಫ್‌ಸ್ಟೆಡ್‌ನವರಿಗೆ ಬೇಕು' ಎಂದು ಕಾರಣ ಕೊಡುತ್ತಾರೆ. ಆದರೆ ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಯಾದ ಈ ಆಫ್‌ಸ್ಟೆಡ್ ಪಾಠಕ್ಕೊಂದು ಲಿಖಿತ ಯೋಜನೆಯನ್ನಾಗಲಿ, ಇಷ್ಟು ಸಲ ತಿದ್ದಬೇಕೆಂದಾಗಲಿ ಕೇಳುವುದಿಲ್ಲ.

ಸ್ಥಳೀಯ ಆಡಳಿತ ನಡೆಸುವ ಕೌನ್ಸಿಲ್ ಶಾಲೆಯಾದರೆ ಹೆಡ್ ನಿಮ್ಮಿಂದ ಹೇಳಿ ಮಾಡಿಸಬಹುದಾದ ಸಮಯ ವರ್ಷಕ್ಕೆ 195 ದಿನ, 1265 ಗಂಟೆ. ತಿದ್ದುವುದು, ತಯಾರಿ ಇದರಾಚೆಗೂ ಚೆಲ್ಲುತ್ತವೆ, ಅದಕ್ಕೆ ಗಂಟೆಯ ಮಿತಿಯಿಲ್ಲ; ಆಡಳಿತದ ಗುಣ ಬಯಲಾಗುವುದು ಇಲ್ಲೇ. ಪಿಪಿಎ ಎಂಬ ತಯಾರಿಯ ಸಮಯ ಪಾಠದ ಅವಧಿಯ ಕನಿಷ್ಠ ಶೇ. 10: ವಾರಕ್ಕೆ 20 ಗಂಟೆ ಪಾಠವಿದ್ದರೆ 2 ಗಂಟೆ. ರಜೆಯಲ್ಲಿರುವವರ ತರಗತಿಗೆ ಆ ಹೊತ್ತಿನಲ್ಲಿ ನಿಮ್ಮನ್ನು ಕಳಿಸುವಂತಿಲ್ಲ. ಸರ್ಕಾರದ ಹಣದಲ್ಲಿ, ಆದರೆ ಕೌನ್ಸಿಲ್‌ನ ಹಿಡಿತವಿಲ್ಲದೆ ನಡೆಯುವ ಅಕಾಡೆಮಿಯಾದರೆ ಇವೆಲ್ಲ ಕರಾರಿನಲ್ಲಿ ಇವೆಯೇ ಎಂದು ಸಾಲುಸಾಲು ಓದಿ.

ಸಂದರ್ಶನದಲ್ಲೇ ಕೇಳಿ: ಅಂಕಗಳ ಡೇಟಾ ವರ್ಷಕ್ಕೆ ಎಷ್ಟು ಸಲ ಕೊಡಬೇಕು? ಗಲಾಟೆ ಮಾಡಿದ ಹುಡುಗನನ್ನು ತರಗತಿಯಿಂದ ಕಳಿಸಿದರೆ ಮುಂದೆ ನೋಡಿಕೊಳ್ಳುವವರು ಯಾರು? ಈ ವಿಭಾಗದಿಂದ ಎರಡು ವರ್ಷದಲ್ಲಿ ಎಷ್ಟು ಜನ ಹೋದರು? ಕೊನೆಯ ಪ್ರಶ್ನೆಗೆ ತಡವರಿಸಿದರೆ ನನ್ನ ಮಟ್ಟಿಗೆ ಅದೇ ಉತ್ತರ.

ನಮ್ಮವರು ಎಡವುವುದು ಎಲ್ಲಕ್ಕೂ 'ಆಗಲಿ' ಎಂದು ಒಪ್ಪಿಕೊಂಡು, ವೀಸಾ ಭಯದಲ್ಲಿ ಬಾಯಿ ಬಿಡದೆ, ಒಂದು ದಿನ ಹಾಸಿಗೆ ಹಿಡಿಯುವಾಗ. ಹಾಗಾಗಲು ಬಿಡಬೇಡಿ. ಎರಡು ವಾರ ಗಂಟೆಗಳನ್ನು ಬರೆದಿಡಿ. ಅದನ್ನು ಲೈನ್ ಮ್ಯಾನೇಜರ್‌ಗೆ ಈಮೇಲ್‌ನಲ್ಲೇ ಕಳಿಸಿ, ಒತ್ತಡದ ರಿಸ್ಕ್ ಅಸೆಸ್‌ಮೆಂಟ್ (ಅಪಾಯದ ಲಿಖಿತ ಅಂದಾಜು) ಕೇಳಿ. ಕೆಲಸದ ಅಪಾಯಗಳನ್ನು ಅಳೆಯುವುದು ಕೆಲಸದ ಜಾಗದ ಸುರಕ್ಷತೆಯ 1999ರ ನಿಯಮದಂತೆ ಉದ್ಯೋಗದಾತರ ಹೊಣೆ, ಒತ್ತಡವೂ ಅದರಲ್ಲಿ ಸೇರಿದೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇಯ ಆರು ತಲೆಬರಹಗಳಲ್ಲೇ ಬರೆಯಿರಿ: ಬೇಡಿಕೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರ, ಬದಲಾವಣೆ. ಕಾಯಿಲೆಯಾದರೆ 7 ದಿನದವರೆಗೆ ನೀವೇ ತಿಳಿಸಿದರೆ ಸಾಕು, ಆಮೇಲೆ ಫಿಟ್ ನೋಟ್ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು.

ಬಿಡುವುದೇ ಆದರೆ ಬೇಸಿಗೆ ರಜೆಯ ಕೊನೆಗೆ ಹೊರಡಲು ಸಾಮಾನ್ಯವಾಗಿ ಮೇ 31ರೊಳಗೆ ರಾಜೀನಾಮೆ ಕೊಡಬೇಕು. ಉದ್ಯೋಗದಾತರ ಪ್ರಾಯೋಜನೆಯ ಮೇಲೆ ಸಿಗುವ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದರೆ, ಹೊಸ ಶಾಲೆ ನಿಮ್ಮನ್ನು ಪ್ರಾಯೋಜಿಸಿ, ವೀಸಾದ ಹೊಸ ಅರ್ಜಿ ಮಂಜೂರಾದ ಮೇಲೆಯೇ ಅಲ್ಲಿ ಕೆಲಸ ಶುರುಮಾಡಿ. ಯೂನಿಯನ್‌ಗೆ ಮೊದಲ ವಾರವೇ ಸೇರಿಕೊಳ್ಳಿ. ತೊಂದರೆ ಶುರುವಾದ ಮೇಲೆ ಸೇರಿದರೆ ಆ ಹಳೆಯ ಪ್ರಕರಣವನ್ನು ಅವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ.