ಪೆನ್ ಕಡೆಯುವ ಪುಟ್ಟ ಲೇತ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಮರದ ಪೆನ್ ಮಾಡಲು ಸಣ್ಣ ಲೇತ್ ಕೊಳ್ಳಬೇಕೆಂದಿದ್ದೇನೆ. ಬೆಲ್ಟ್ ಬದಲಿಸಿ ವೇಗ ಬದಲಿಸುವುದು ಅಗ್ಗಕ್ಕೆ ಸಿಗುತ್ತದೆ, ನಾಬ್ ತಿರುಗಿಸಿ ಬದಲಿಸುವುದು ದುಬಾರಿ. ಎಷ್ಟು ಎಚ್‌ಪಿ ಬೇಕು? ಏನೇನು ನೋಡಿ ಕೊಳ್ಳಬೇಕು? (ಕಾಪು)

ಉತ್ತರ: ಎಚ್‌ಪಿಯ ಲೆಕ್ಕ ಕೊನೆಗಿರಲಿ. ಪೆನ್ನಿಗೆ ಅರ್ಧ ಎಚ್‌ಪಿ, ಅಂದರೆ ಸುಮಾರು 375 ವಾಟ್, ಧಾರಾಳ ಸಾಕು. ಹಾಳಾದ ಪೆನ್ನುಗಳಲ್ಲಿ ಹೆಚ್ಚಿನವು ಹಾಳಾಗುವುದು ಲೇತಿನ ಎರಡು ತುದಿ ಒಂದೇ ಗೆರೆಯಲ್ಲಿ ಇಲ್ಲದ್ದರಿಂದ.

ಅಂಗಡಿಯಲ್ಲೇ ಪರೀಕ್ಷಿಸಿ. ಹೆಡ್‌ಸ್ಟಾಕಿಗೆ (ಮೋಟಾರ್ ತಿರುಗಿಸುವ ತುದಿ) ಮೊನೆಯಿರುವ ಸೆಂಟರ್ ಹಾಕಿಸಿ, ಟೇಲ್‌ಸ್ಟಾಕಿಗೆ (ಎದುರಿನ, ಸರಿಸಬಹುದಾದ ತುದಿ) ಲೈವ್ ಸೆಂಟರ್, ಅಂದರೆ ಮರದ ಜೊತೆ ತಾನೂ ತಿರುಗುವ ಮೊನೆ. ಎರಡನ್ನೂ ಹತ್ತಿರ ತಂದು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ನಡುವೆ ಶೇವಿಂಗ್ ಬ್ಲೇಡಿನ ತುಂಡೊಂದನ್ನು ಮೆಲ್ಲಗೆ ಸಿಕ್ಕಿಸಿದರೆ ಕಣ್ಣಿಗೆ ಕಾಣದ ತಪ್ಪೂ ಗೊತ್ತಾಗುತ್ತದೆ: ಮೊನೆಗಳು ಕೂಡಿದರೆ ಬ್ಲೇಡ್ ನೆಟ್ಟಗೆ ನಿಲ್ಲುತ್ತದೆ, ತಪ್ಪಿದ್ದರೆ ಓರೆಯಾಗುತ್ತದೆ. ಆಮೇಲೆ ಟೇಲ್‌ಸ್ಟಾಕಿನ ಕ್ವಿಲ್ ಅನ್ನು (ಮೊನೆಯನ್ನು ಹಿಡಿದು ಹೊರಚಾಚುವ ಕೊಳವೆ) 50 ಮಿ.ಮೀ. ಹೊರಗೆ ತಂದು ಲಾಕ್ ಮಾಡಿ ಮತ್ತೆ ನೋಡಿ. ಕಡಿಮೆ ಬೆಲೆಯ ಲೇತ್‌ಗಳಲ್ಲಿ ಲಾಕ್ ಬಿಗಿದ ಕೂಡಲೇ ಮೊನೆ ಪಕ್ಕಕ್ಕೆ ಸರಿಯುವುದುಂಟು. ಅಂಥದ್ದು ಬೇಡವೇ ಬೇಡ. ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳುವುದೂ ಬೇಡ.

ಎರಡನೆಯದು ಟೇಪರ್, ಅಂದರೆ ಸಲಕರಣೆ ಸಿಕ್ಕಿಸುವ, ಒಳಗೆ ಸಪೂರವಾಗುತ್ತ ಹೋಗುವ ತೂತು. ಎರಡೂ ಕಡೆ ಎಂಟಿ-2 (ಮೋರ್ಸ್ ಟೇಪರ್ 2) ಇರಬೇಕು. ಅದರ ದಪ್ಪ ತುದಿ ಸುಮಾರು 17.8 ಮಿ.ಮೀ.; ತೀರಾ ಸಣ್ಣ ಲೇತ್‌ಗಳಲ್ಲಿರುವ ಎಂಟಿ-1 ಸುಮಾರು 12 ಮಿ.ಮೀ. ಮಾತ್ರ. ಪೆನ್ ಮ್ಯಾಂಡ್ರೆಲ್ (ಮರದ ತುಂಡುಗಳನ್ನು ಪೋಣಿಸುವ ಸರಳು), ಡ್ರಿಲ್ ಚಕ್ (ಡ್ರಿಲ್ ಬಿಟ್ ಹಿಡಿಯುವ ಹಿಡಿ), ಲೈವ್ ಸೆಂಟರ್ ಎಲ್ಲವೂ ಎಂಟಿ-2ರಲ್ಲಿ ಹೆಚ್ಚು ಬಗೆಯಲ್ಲಿ ಸಿಗುತ್ತವೆ. ಹೆಡ್‌ಸ್ಟಾಕಿನಲ್ಲಿ ತಿರುಗುವ ಸ್ಪಿಂಡಲಿನ ಥ್ರೆಡ್ 1 ಇಂಚು, ಇಂಚಿಗೆ 8 ಸುತ್ತು ಇದ್ದರೆ ಮುಂದೆ ಚಕ್ ಕೊಳ್ಳುವಾಗ ಪರದಾಟವಿಲ್ಲ.

ಮೂರನೆಯದನ್ನು ಯಾರೂ ಕೇಳುವುದಿಲ್ಲ: ಕ್ವಿಲ್ ಎಷ್ಟು ಹೊರಗೆ ಬರುತ್ತದೆ? ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು ಒಳಗೆ ಹಿತ್ತಾಳೆ ಕೊಳವೆ ಅಂಟಿಸಬೇಕು. ಸ್ಲಿಮ್‌ಲೈನ್ ಎಂಬ ಸಾಮಾನ್ಯ ಸಪೂರ ಪೆನ್ನಿನಲ್ಲಿ ಆ ಕೊಳವೆ 7 ಮಿ.ಮೀ. ದಪ್ಪ, ಸುಮಾರು 53 ಮಿ.ಮೀ. ಉದ್ದ. ಕ್ವಿಲ್ 60 ಮಿ.ಮೀ. ಬಂದರೆ ತೂತು ಒಂದೇ ಓಟದಲ್ಲಿ ಮುಗಿಯುತ್ತದೆ. 45 ಮಾತ್ರ ಬಂದರೆ ಪ್ರತಿ ತುಂಡಿಗೂ ಅರ್ಧಕ್ಕೆ ನಿಲ್ಲಿಸಿ ಟೇಲ್‌ಸ್ಟಾಕನ್ನೇ ಮುಂದಕ್ಕೆ ಸರಿಸಬೇಕು.

ಈಗ ವೇಗ. ಪೆನ್ ಸಪೂರ, ಹಾಗಾಗಿ ಸುತ್ತು ಜಾಸ್ತಿ ಬೇಕು. 12 ಮಿ.ಮೀ. ದಪ್ಪದ ಪೆನ್ 3000 ಆರ್‌ಪಿಎಂನಲ್ಲಿ ತಿರುಗಿದರೂ ಉಳಿಯ ಬಾಯಿಗೆ ನಿಮಿಷಕ್ಕೆ 113 ಮೀಟರ್ ಮರವಷ್ಟೇ ಸಿಗುತ್ತದೆ. 200 ಮಿ.ಮೀ. ಬಟ್ಟಲಾದರೆ 600 ಆರ್‌ಪಿಎಂಗೇ ಅದು 377 ಮೀಟರ್. ತೂತು ಕೊರೆಯಲು 500ರಿಂದ 700, ಚೌಕ ತುಂಡಿನ ಮೂಲೆ ಹೊಡೆಯಲು 1500, ನಯ ಮಾಡಲು 2500ರಿಂದ 3000, ಸಯನೋ ಅಂಟಿನ (ಫೆವಿಕ್ವಿಕ್‌ನಂಥದ್ದು) ಪಾಲಿಶ್ ಹಚ್ಚಲು ಮತ್ತೆ 600ರ ಆಸುಪಾಸು. ಒಂದು ಪೆನ್ನಿಗೆ ಮೂರು ಸಲ ವೇಗ ಬದಲಿಸಬೇಕಾದ್ದರಿಂದ ನಾಬ್ ಇರುವುದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ಆದರೆ ನಾಬ್ ಒಂದನ್ನೇ ನಂಬಿದ ಲೇತ್ ಬೇಡ; ಅದರ ಜೊತೆಗೆ ಬೆಲ್ಟಿಗೆ ಎರಡೋ ಮೂರೋ ಮೆಟ್ಟಿಲು (ಬೇರೆ ಬೇರೆ ಅಳತೆಯ ಪುಲ್ಲಿ) ಇರಲಿ. ನಾಬ್ ತಗ್ಗಿಸಿದಾಗ ಮೋಟಾರಿನ ಸುತ್ತಿನ ಜೊತೆ ಕೊಡುವ ಶಕ್ತಿಯೂ ತಗ್ಗುತ್ತದೆ, ಶಾಫ್ಟಿನ ಫ್ಯಾನ್ ನಿಧಾನವಾಗಿ ಮೋಟಾರ್ ಬಿಸಿಯೇರುತ್ತದೆ. ಬೆಲ್ಟನ್ನು ಕಡಿಮೆ ವೇಗದ ಮೆಟ್ಟಿಲಿಗೆ ಹಾಕಿದರೆ ಮೋಟಾರ್ ಜೋರಾಗಿಯೇ ತಿರುಗುತ್ತದೆ, ಸ್ಪಿಂಡಲಿಗೆ ಬಲ ಸಿಗುತ್ತದೆ. ಎರಡೂ ಇರುವುದನ್ನು ಕೊಳ್ಳಲಾಗದಷ್ಟು ಹಣದ ಅಡಚಣೆಯಿದ್ದರೆ, ಮೊನೆ ಕೂಡುವ ಬೆಲ್ಟ್ ಲೇತ್, ಮೊನೆ ಕೂಡದ ನಾಬ್ ಲೇತಿಗಿಂತ ಎಷ್ಟೋ ಮೇಲು.

ಅಳತೆ: ಸೆಂಟರುಗಳ ನಡುವೆ 300 ಮಿ.ಮೀ. ಸಿಕ್ಕರೆ ಪೆನ್ನಿಗೆ ಸಾಕು. ಬೆಡ್ ಬೀಡು ಕಬ್ಬಿಣದ್ದಿರಲಿ, ತಗಡಿನದು ಅದುರುತ್ತದೆ. ಕೈಯಲ್ಲಿರುವ ಹಣದ ಮೂರನೇ ಒಂದು ಪಾಲನ್ನಾದರೂ ಮ್ಯಾಂಡ್ರೆಲ್, ಬುಶ್ (ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸುವ ಲೋಹದ ಬಳೆ), 60 ಡಿಗ್ರಿ ಲೈವ್ ಸೆಂಟರ್, ಡ್ರಿಲ್ ಚಕ್, ಕೊಳವೆಯ ಬಾಯಿ ಸಮ ಮಾಡುವ ಟ್ರಿಮ್ಮರ್, ಗೌಜ್ (ಬಾಗುಬಾಯಿಯ ಉಳಿ), ಓರೆಬಾಯಿಯ ಉಳಿ, ಸಾಣೆ, ಮುಖಗವಚ ಇವಕ್ಕೆ ಎತ್ತಿಡಿ.

ಪ್ರಶ್ನೆ: ಲೇತ್ ಹೊಸದು. ಆದರೂ ಪೆನ್ ಜೋಡಿಸಿದಾಗ ಒಂದು ಪಕ್ಕದಲ್ಲಿ ಮರ ಲೋಹಕ್ಕಿಂತ ಎತ್ತರ, ಎದುರು ಪಕ್ಕದಲ್ಲಿ ತಗ್ಗು. (ಕದ್ರಿ, ಮಂಗಳೂರು)

ಉತ್ತರ: ಮೊದಲ ಅನುಮಾನ ನಿಮ್ಮ ಕೈಯ ಮೇಲೆ: ಮ್ಯಾಂಡ್ರೆಲಿನ ನಟ್ಟನ್ನೋ ಟೇಲ್‌ಸ್ಟಾಕನ್ನೋ ಅತಿಯಾಗಿ ಬಿಗಿದಿದ್ದೀರಿ. ಮ್ಯಾಂಡ್ರೆಲ್ ಸಪೂರ ಸರಳು. ತುದಿಯಿಂದ ಒತ್ತಿದರೆ ನಡುವೆ ಬಿಲ್ಲಿನ ಹಾಗೆ ಬಾಗುತ್ತದೆ. ಎರಡು ತುಂಡುಗಳು ಕೂಡುವ ನಡುಭಾಗದಲ್ಲೇ ತಪ್ಪು ಹೆಚ್ಚಾಗಿದ್ದರೆ ಇದೇ ಕಾರಣ. ನಟ್ಟನ್ನು ಬೆರಳಿನಿಂದಷ್ಟೇ ಬಿಗಿದು, ಲೈವ್ ಸೆಂಟರ್ ತಾಗಿ ತಿರುಗುವಷ್ಟಕ್ಕೆ ಟೇಲ್‌ಸ್ಟಾಕ್ ನಿಲ್ಲಿಸಿ.

ಸರಿಹೋಗದಿದ್ದರೆ ಮ್ಯಾಂಡ್ರೆಲನ್ನು ಕಳಚಿ ದಪ್ಪ ಗಾಜಿನ ಮೇಲೆ ಉರುಳಿಸಿ. ಕೆಳಗೆ ಬೆಳಕು ಬಂದುಹೋಗಿ ಮಾಡಿದರೆ ಅದು ಬಾಗಿದೆ, ಬದಲಿಸಿ. ಬುಶ್‌ಗಳನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಉಜ್ಜುಕಾಗದ ಮರದ ಜೊತೆ ಅವನ್ನೂ ತಿನ್ನುತ್ತದೆ. ಸಡಿಲ ಬುಶ್ ಇದ್ದರೆ ಎಷ್ಟು ಜಾಗ್ರತೆ ಮಾಡಿದರೂ ಪ್ರಯೋಜನವಿಲ್ಲ.

ಶಾಶ್ವತ ಪರಿಹಾರ ಮ್ಯಾಂಡ್ರೆಲನ್ನೇ ಬಿಡುವುದು. ಎರಡೂ ಕಡೆ 60 ಡಿಗ್ರಿ ಸೆಂಟರ್, ನಡುವೆ ಬಾಯಲ್ಲಿ 60 ಡಿಗ್ರಿ ಕುಳಿಯಿರುವ ಬುಶ್, ಒಮ್ಮೆಗೆ ಒಂದೇ ತುಂಡು. ಬಾಗುವ ಸರಳೇ ಇಲ್ಲದ ಮೇಲೆ ಬಾಗುವ ಮಾತೆಲ್ಲಿ? ಇಂಥ ಬುಶ್‌ಗಳನ್ನು ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲೋ ಲೋಹದ ಲೇತ್ ಇಟ್ಟುಕೊಂಡವರಿಂದ ಮಾಡಿಸಬಹುದು. ನೀವು ಕೊಂಡ ಪೆನ್ ಕಿಟ್‌ನ ಲೋಹದ ಭಾಗವನ್ನೂ ಹಿತ್ತಾಳೆ ಕೊಳವೆಯನ್ನೂ ಜೊತೆಗೇ ಒಯ್ಯಿರಿ. ಬಾಯಿಮಾತಿನ ಅಳತೆ ಬೇಡ.

ಪ್ರಶ್ನೆ: ಸಂಜೆ ಹೊತ್ತು ವೇಗ ತಾನಾಗಿ ಏರಿಳಿಯುತ್ತದೆ. ಸ್ಟೆಬಿಲೈಸರ್ ಬೇಕೇ? ಮನೆಯ ಇನ್ವರ್ಟರಿನಲ್ಲಿ ಓಡಿಸಬಹುದೇ? (ಬ್ರಹ್ಮಾವರ)

ಉತ್ತರ: ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ. 230 ಇರಬೇಕಾದಲ್ಲಿ 190ಕ್ಕೆ ಇಳಿಯುತ್ತಿದ್ದರೆ ಅರ್ಧ ಎಚ್‌ಪಿ ಲೇತಿಗೆ 2 ಕೆವಿಎ ಸ್ಟೆಬಿಲೈಸರ್ ಸಾಕು. ವೋಲ್ಟೇಜ್ ಸರಿಯಿದ್ದೂ ವೇಗ ನಡುಗುತ್ತಿದ್ದರೆ ನಾಬಿನ ಒಳಗೆ ಧೂಳು ಸೇರಿದೆ, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಶ್ ಸವೆದಿದೆ. ಪ್ಲಗ್ ತೆಗೆದು ಬ್ರಶ್ ನೋಡಿ, ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಚೌಕ ಅಲೆಯ ಇನ್ವರ್ಟರಿಗೆ ಕೊಡಲೇಬೇಡಿ, ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋಗಬಹುದು. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮೋಟಾರಿಗಿಂತ ಮೊದಲು ಸಾಯುವುದು ಬೋರ್ಡ್.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ಕಡೆದ ಹಲಸಿನ ಪೆನ್ ಬೆಂಗಳೂರಿಗೆ ಹೋದ ಮೇಲೆ ಉದ್ದಕ್ಕೆ ಸೀಳಿತು. ಅಂಟೂ ಕೊಳವೆ ಅರ್ಧ ಹೋಗುವಷ್ಟರಲ್ಲೇ ಹಿಡಿದುಬಿಡುತ್ತದೆ. (ಸುರತ್ಕಲ್)

ಉತ್ತರ: ಎರಡಕ್ಕೂ ಕಾರಣ ನಮ್ಮ ಕರಾವಳಿಯ ತೇವ. ಮಳೆಗಾಲದಲ್ಲಿ ಮರ ಗಾಳಿಯ ನೀರು ಕುಡಿದು ಉಬ್ಬಿರುತ್ತದೆ. ಒಣಹವೆಗೆ ಹೋದಾಗ ಅದು ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ; ಮರ ಸೀಳದೆ ಗತಿಯಿಲ್ಲ. 19 ಮಿ.ಮೀ. ಚೌಕದ ತುಂಡುಗಳನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟು ಒಳಗೆ 40 ವಾಟಿನ ಹಳೆಯ ಮಾದರಿಯ ಬಲ್ಬ್ ಉರಿಸಿ, ಮರಕ್ಕೆ ತಾಗದಂತೆ ದೂರದಲ್ಲಿ. ಪೆಟ್ಟಿಗೆಗೆ ಮೇಲೂ ಕೆಳಗೂ ಗಾಳಿತೂತಿರಲಿ. ವಾರಕ್ಕೊಮ್ಮೆ ತೂಗಿ ಮರದ ಮೇಲೇ ಬರೆದಿಡಿ. ಎರಡು ವಾರ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ಆಗ ತೂತು ಕೊರೆದು ಮತ್ತೆ ಮೂರು ನಾಲ್ಕು ದಿನ ಅಲ್ಲೇ ಬಿಡಿ, ತೂತಿನ ಒಳಮೈಯೂ ಒಣಗಬೇಕು.

ಫೆವಿಕ್ವಿಕ್‌ನಂಥ ಸಯನೋ ಅಂಟು ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಮಳೆಗಾಲದಲ್ಲಿ ಅದಕ್ಕೆ ಅವಸರ ಹೆಚ್ಚು. ಕೊಳವೆಗೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ ಬಳಸಿ. ಕೊಳವೆಯ ಮೈಯನ್ನು 150 ನಂಬರಿನ ಕಾಗದದಲ್ಲಿ ಉಜ್ಜಿ ಒರಟು ಮಾಡಿ, ತಿರುಗಿಸುತ್ತಾ ಒಳಗೆ ಸೇರಿಸಿ, ಒಂದು ರಾತ್ರಿ ಬಿಡಿ. ಸಯನೋ ಪಾಲಿಶನ್ನು ಕಾಗದದ ಟವೆಲಿನಲ್ಲಷ್ಟೇ ಹಚ್ಚಬೇಕು. ಹತ್ತಿಬಟ್ಟೆಗೆ ಈ ಅಂಟು ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ; ತಿರುಗುವ ಪೆನ್ನು ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ಪ್ರಶ್ನೆ: ಬೀಟೆ ಬಿಟ್ಟರೆ ನಮ್ಮೂರಿನ ಯಾವ ಮರ ಒಳ್ಳೆಯದು? ತೆಂಗು ಆಗುತ್ತದೆಯೇ? (ಉಡುಪಿ)

ಉತ್ತರ: ಹಲಸು, ಹೆಬ್ಬಲಸು, ಹುಣಸೆ ಮರದ ಒಳತಿರುಳು, ಹಳೆ ಹಂಚಿನ ಮನೆಯ ಸಾಗುವಾನಿ ರೀಪು. ಹಳೇ ಮರಕ್ಕೆ ಉಳಿ ಹಾಕುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಮುರಿದ ಕುರ್ಚಿ ಕಾಲಿನ ಬೀಟೆಯೂ ಚೆನ್ನ, ಆದರೆ ಅದರ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ ತರುತ್ತದೆ, ಮಾಸ್ಕ್ ಬೇಕು.

ತೆಂಗು ಆಗುತ್ತದೆ, ಬೈನೆಯೂ. ಮುದಿ ಮರದ ಬುಡದ ಕಡೆಯ, ತೊಗಟೆಗೆ ಹತ್ತಿರದ ಕಪ್ಪು ಭಾಗ ಮಾತ್ರ, ನಡುವಿನದು ಬೆಂಡು. ನಾರು ಕಿತ್ತು ಬರುತ್ತದೆ, ಆದ್ದರಿಂದ ಸಿದ್ಧ ಅಳತೆಗೆ 1 ಮಿ.ಮೀ. ಬಾಕಿ ಇರುವಾಗ ನೀರಿನಂಥ ತೆಳು ಸಯನೋ ಕುಡಿಸಿ, ಗಟ್ಟಿಯಾದ ಮೇಲೆ ಹೊಸದಾಗಿ ಸಾಣೆ ಹಿಡಿದ ಉಳಿಯಲ್ಲಿ 3000 ಆರ್‌ಪಿಎಂಗೆ ಕೂದಲೆಳೆಯಷ್ಟೇ ತೆಗೆಯುತ್ತಾ ಮುಗಿಸಿ.