ನಿಮ್ಮ ಬುಲೆಟ್ ರೈಲನ್ನು ವಾಪಸ್ ಕಳಿಸುತ್ತಿದ್ದೇನೆ

ಡೊಂಬಿವಲಿಯ ಗೆಳೆಯರೇ, ನಮಸ್ಕಾರ.

ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಯೋಜನೆಯ ಬಗ್ಗೆ ನೀವು ಬರೆದ ‘ವೇಗದೂತ ಬುಲೆಟ್ ರೈಲು’ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಮುಂಬೈನ ಮಾಟುಂಗಾದ ನಮ್ಮ ಪತ್ರಿಕೆಯ ಕಚೇರಿಯಲ್ಲಿ, ಎರಡನೇ ಸಲ ಮನೆಗೆ ಹೋಗುವಾಗ ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್‌ನಲ್ಲಿ ನಿಂತುಕೊಂಡು. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಕೊನೆಯವರೆಗೆ ಕಾಯಿಸುವುದು ನನಗೆ ಇಷ್ಟವಿಲ್ಲ. ಆದರೆ ಎಲ್ಲರಿಗೂ ಬರೆಯುವ ಎರಡು ಸಾಲಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಲೇಖನ ಅಲ್ಲ, ಅದರ ಜೊತೆ ಇಟ್ಟಿದ್ದ ಚೀಟಿ.

ಚೀಟಿಯಲ್ಲಿ ಹೀಗಿದೆ: “ಶಿಲ್‌ಫಾಟಾ ಹತ್ತಿರ ನಮ್ಮ ತಂದೆಯವರ ಸಣ್ಣ ಹೋಟೆಲ್ ಇದೆ. ಸುರಂಗದ ಕೆಲಸದವರು ರಾತ್ರಿ ಪಾಳಿ ಮುಗಿಸಿ ಅಲ್ಲಿಗೆ ಚಾ ಕುಡಿಯಲು ಬರುತ್ತಾರೆ. ಬೂಟಿನ ತುಂಬ ಕೆಸರು. ಅಪ್ಪ ಅವರಿಗೆಂದೇ ಹೊರಗೆ ಒಂದು ಬೆಂಚು ಹಾಕಿಸಿದ್ದಾರೆ.” ಇಷ್ಟು ಚೆನ್ನಾಗಿ ಬರೆದ ಅದೇ ಕೈ ಲೇಖನವನ್ನು “ಅನಾದಿಕಾಲದಿಂದಲೂ ಮಾನವನು ವೇಗದ ಆರಾಧಕನಾಗಿದ್ದಾನೆ” ಎಂದು ಶುರು ಮಾಡಿದೆ. ಅಲ್ಲ ಮಾರಾಯರೇ, ಬೆಂಚು ಎಲ್ಲಿ ಹೋಯಿತು? ಹನ್ನೊಂದು ಪುಟದಲ್ಲಿ ಆ ಗಾಡಿಯ ಸುರಂಗ ಮುಗಿಯುವ ಶಿಲ್‌ಫಾಟಾದ ಹೆಸರು ಬರುವುದು ಒಂದೇ ಸಲ, ಅದೂ ಒಂದು ಪಟ್ಟಿಯ ನಡುವೆ. ಟೋಕಿಯೊ ಮಾತ್ರ ಒಂಬತ್ತು ಸಲ ಬಂದಿದೆ. ಎಣಿಸಿದ್ದೇನೆ.

ಮೊದಲು ತಪ್ಪುಗಳನ್ನು ಮುಗಿಸೋಣ. ವಂದೇ ಭಾರತ್ ಗಾಡಿಯನ್ನೂ ಬುಲೆಟ್ ರೈಲನ್ನೂ ಒಂದೇ ಚೀಲಕ್ಕೆ ಹಾಕಿದ್ದೀರಿ. ವಂದೇ ಭಾರತ್ ನಮ್ಮ ಈಗಿನ ಹಳಿಯ ಮೇಲೇ ಓಡುತ್ತದೆ, ಹೆಚ್ಚೆಂದರೆ ಗಂಟೆಗೆ 160 ಕಿ.ಮೀ. ಮುಂಬೈ–ಅಹಮದಾಬಾದ್ ಮಾರ್ಗದ ಗಾಡಿಗೆ 320 ಕಿ.ಮೀ. ವೇಗ, ಅದಕ್ಕೆ ಬೇರೆಯೇ ಹಳಿ. “ಮುಂದೊಂದು ದಿನ ಇದೇ ಗಾಡಿ ಮಡಗಾಂವ್ ದಾಟಿ ಮಂಗಳೂರಿಗೆ ಬರಲಿ” ಎಂದು ಬರೆದಿದ್ದೀರಿ. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕೂತು ಊರಿಗೆ ಹೋಗುವ ನನಗೂ ಆ ಆಸೆ ಇದೆ. ಆದರೆ ಕೊಂಕಣ ರೈಲಿನ ಹಳಿಗಳ ನಡುವಿನ ಅಂತರ 1,676 ಮಿ.ಮೀ., ಬುಲೆಟ್ ರೈಲಿನದು 1,435 ಮಿ.ಮೀ. ಆ ಗಾಡಿ ಈ ಹಳಿಗೆ ಇಳಿಯುವುದೇ ಇಲ್ಲ. ಸಿವಿಲ್ ಓದುತ್ತಿರುವವರು ನೀವು, ಇದು ತಪ್ಪಬಾರದಿತ್ತು.

ಇನ್ನೊಂದು ನಿಮ್ಮ ಲೆಕ್ಕ. 508 ಕಿ.ಮೀ. ದೂರವನ್ನು 320ರಿಂದ ಭಾಗಿಸಿ “ಕೇವಲ ಒಂದೂವರೆ ತಾಸು” ಎಂದಿದ್ದೀರಿ. ಯೋಜನೆಯವರೇ ಹೇಳುವ ಸಮಯ, ಕೆಲವೇ ಕಡೆ ನಿಲ್ಲುವ ಗಾಡಿಗೆ ಸುಮಾರು 2 ಗಂಟೆ 7 ನಿಮಿಷ, 12 ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಗೆ 2 ಗಂಟೆ 58 ನಿಮಿಷ. ನಡುವೆ 51 ನಿಮಿಷದ ವ್ಯತ್ಯಾಸ. ಅದು ಎಲ್ಲಿ ಹೋಯಿತು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೊಂಬಿವಲಿಯಲ್ಲಿ ಸ್ಲೋ ಬಿಟ್ಟು ಫಾಸ್ಟ್‌ಗೆ ಕಾಯುವ ಪ್ರತಿಯೊಬ್ಬರಿಗೂ ಗೊತ್ತು. ಗಾಡಿ ಪ್ಲಾಟ್‌ಫಾರ್ಮ್‌ನಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು, ಅದಕ್ಕಿಂತ ಜಾಸ್ತಿ ಹೊತ್ತು ನಿಧಾನವಾಗುವುದರಲ್ಲಿ ಮತ್ತು ಮತ್ತೆ ವೇಗ ಹಿಡಿಯುವುದರಲ್ಲಿ ಹೋಗುತ್ತದೆ. 320ರಲ್ಲಿ ಓಡುವ ಗಾಡಿಗೆ ಅದು ಇನ್ನೂ ದುಬಾರಿ. ಪ್ರತಿ ಊರಿನವರೂ ತಮ್ಮಲ್ಲಿ ನಿಲ್ಲಿಸಿ ಎಂದು ಕೇಳುತ್ತಾರೆ, ನಿಲ್ಲಿಸಿದಷ್ಟೂ ಅದು ಬುಲೆಟ್ ಆಗಿ ಉಳಿಯುವುದಿಲ್ಲ. ಈ ಜಗಳ ಲೇಖನದಲ್ಲಿ ಬರಲಿ. ನೀವು ನಿಲ್ದಾಣಗಳ ಹೆಸರನ್ನು ಸಾಲಾಗಿ ಬರೆದು ಸುಮ್ಮನಾಗಿದ್ದೀರಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. “ಸಮುದ್ರದಡಿಯಲ್ಲಿ ಸುರಂಗ, ಅದ್ಭುತ!” ಎಂದು ಉದ್ಗಾರ ಹಾಕಿದ್ದೀರಿ. ಯಾಕೆ ಅಲ್ಲಿ ಸುರಂಗ ಎಂದು ಎಲ್ಲೂ ಹೇಳಿಲ್ಲ. ನನ್ನ ತಕರಾರೆಲ್ಲ ಇಲ್ಲೇ. ವೇಗದ ಗಾಡಿಗೆ ತಿರುವು ಆಗಿಬರುವುದಿಲ್ಲ. ತಿರುವಿನಲ್ಲಿ ಹೊರಗಿನ ಹಳಿಯನ್ನು ಎತ್ತರಿಸಿ ಕೊಟ್ಟ ಓರೆ ಅಷ್ಟೇ ಇದ್ದು ವೇಗ ಎರಡರಷ್ಟಾದರೆ ತಿರುವಿನ ತ್ರಿಜ್ಯ ನಾಲ್ಕರಷ್ಟು ಬೇಕು. 1964ರಲ್ಲಿ ಜಪಾನಿನ ಮೊದಲ ಬುಲೆಟ್ ರೈಲು ಮಾರ್ಗ, ಟೋಕಿಯೊ–ಒಸಾಕಾ, ಶುರುವಾದಾಗ ವೇಗ 210 ಕಿ.ಮೀ., ತಿರುವುಗಳ ತ್ರಿಜ್ಯ ಸಾಮಾನ್ಯವಾಗಿ 2,500 ಮೀಟರ್. ಅದರ ಮುಂದಿನ ಸಾನ್ಯೊ ಮಾರ್ಗಕ್ಕೆ 4,000 ಮೀಟರ್ ಇಟ್ಟರು. ಅಂದರೆ ಇಂಥ ಹಳಿಗೆ ಒಂದು ಗುಡ್ಡವನ್ನೋ ಕೇರಿಯನ್ನೋ ಬಳಸಿಕೊಂಡು ಹೋಗಲು ಬರುವುದಿಲ್ಲ. ನೇರ ಹೋಗಬೇಕು. ಎದುರಿಗೆ ಬಂದದ್ದರ ಮೇಲೆ ಹೋಗಬೇಕು, ಇಲ್ಲವೇ ಕೆಳಗೆ ಹೋಗಬೇಕು.

ಇಲ್ಲಿಂದ ನೋಡಿದರೆ ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮಾರ್ಗದ ಹೆಚ್ಚಿನ ಭಾಗ ಕಂಬಗಳ ಮೇಲೆ ಯಾಕೆ? ಕೆಳಗೆ ರಸ್ತೆ, ನೀರು, ದನಕರು ಓಡಾಡಲು ಜಾಗ ಉಳಿಯುತ್ತದೆ, ಮಣ್ಣಿನ ಏರಿಗಿಂತ ಕಡಿಮೆ ನೆಲ ಸಾಕು. 40 ಮೀಟರ್ ಉದ್ದದ, ಸುಮಾರು 970 ಟನ್ ತೂಕದ ಕಾಂಕ್ರೀಟ್ ತೊಲೆಯನ್ನು (ಗರ್ಡರ್) ಪಕ್ಕದ ಅಂಗಳದಲ್ಲೇ ಎರಕ ಹೊಯ್ದು, ಇಡಿಯಾಗಿ ಎತ್ತಿ ಕಂಬದ ಮೇಲೆ ಕೂರಿಸುತ್ತಾರೆ. ಮುಂಬೈ ಕಡೆಗೆ ಬಂದರೆ ಕಂಬ ಊರಲೂ ಜಾಗವಿಲ್ಲ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಿಂದ ನಿಮ್ಮ ಶಿಲ್‌ಫಾಟಾವರೆಗೆ 21 ಕಿ.ಮೀ. ನೆಲದಡಿ. ಅದರಲ್ಲಿ 7 ಕಿ.ಮೀ. ಠಾಣೆ ಖಾಡಿಯ, ಅಂದರೆ ಒಳಕ್ಕೆ ಚಾಚಿದ ಸಮುದ್ರದ, ಕೆಳಗೆ. ಅಲ್ಲಿ ಮೇಲೆ ಫ್ಲೆಮಿಂಗೊಗಳ ಅಭಯಾರಣ್ಯ ಇದೆ. ಹೋಗುವ ಹಳಿ, ಬರುವ ಹಳಿ ಎರಡೂ ಒಂದೇ ಕೊಳವೆಯಲ್ಲಿ. ಶಿಲ್‌ಫಾಟಾ ಕಡೆಯ ಸುಮಾರು 5 ಕಿ.ಮೀ.ಯನ್ನು ಸ್ಫೋಟಿಸಿ, ಅಗೆದು, ಗೋಡೆಗೆ ಕಾಂಕ್ರೀಟ್ ಸಿಂಪಡಿಸಿ ಮಾಡುವುದು. ಉಳಿದದ್ದಕ್ಕೆ ಕೊರೆಯುವ ದೊಡ್ಡ ಯಂತ್ರ. ನಿಮ್ಮ ತಂದೆಯ ಬೆಂಚಿನ ಮೇಲೆ ಕೂರುವವರ ಬೂಟಿನ ಕೆಸರು ಎಲ್ಲಿಯದು ಎಂದು ಅವರನ್ನೇ ಕೇಳಬಹುದಲ್ವಾ? ಅವರ ಊರು ಯಾವುದು, ಎಷ್ಟು ಹೊತ್ತು ಒಳಗಿರುತ್ತಾರೆ, ಒಳಗೆ ಸೆಕೆ ಹೇಗೆ? ನನಗೆ ಇವೆಲ್ಲ ತಿಳಿಯಬೇಕು.

ಅಲ್ಲೇ ಪಾರ್ಸಿಕ್ ಗುಡ್ಡ ಇದೆ. ಅದರೊಳಗಿನ ಹಳೆಯ ಸುರಂಗ 1916ರದು. ನನ್ನ ಕಾಲದಲ್ಲಿ ಫಾಸ್ಟ್ ಲೋಕಲ್ ಅದರಲ್ಲೇ ನುಗ್ಗುತ್ತಿತ್ತು. ಕಿವಿ ಗುಂಯ್ ಅನ್ನುತ್ತಿತ್ತು, ಹುಡುಗರು ಕೂಗು ಹಾಕುತ್ತಿದ್ದರು. ಗಾಡಿ ಗಾಳಿಯನ್ನು ಒತ್ತಿಕೊಂಡು ಹೋಗುವುದು ಅಂದರೆ ಅದೇ. ಜಪಾನಿನಲ್ಲಿ ವೇಗ ಹೆಚ್ಚಿದ ಹಾಗೆ, ಹೀಗೆ ಒತ್ತಿದ ಗಾಳಿ ಸುರಂಗದ ಇನ್ನೊಂದು ಬಾಯಲ್ಲಿ ಢಂ ಎಂದು ಸಿಡಿಯತೊಡಗಿತು, ಅಕ್ಕಪಕ್ಕದ ಮನೆಯವರು ದೂರಿದರು. ಕೊನೆಗೆ 1997ರಲ್ಲಿ ಬಂದ 500 ಸರಣಿಯ ಗಾಡಿಗೆ 15 ಮೀಟರ್ ಉದ್ದದ ಮೂತಿ ಇಟ್ಟರು. ಅದಕ್ಕೆ ಮಾದರಿ ಮಿಂಚುಳ್ಳಿಯ ಕೊಕ್ಕು. ನೀವು ಮಿಂಚುಳ್ಳಿಯನ್ನು “ಪ್ರಕೃತಿಯೇ ಗುರು” ಎಂಬ ಪ್ಯಾರಾದಲ್ಲಿ ಒಂಟಿಯಾಗಿ ನಿಲ್ಲಿಸಿದ್ದೀರಿ. ಅದನ್ನು ತಂದು ಪಾರ್ಸಿಕ್ ಪಕ್ಕದಲ್ಲಿ ಕೂರಿಸಿ.

“ಜಪಾನೀಯರ ಶಿಸ್ತಿನಿಂದ ಎಲ್ಲವೂ ಸುಗಮವಾಗಿ ನಡೆಯಿತು” ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಆ ಮೊದಲ ಮಾರ್ಗದ ಖರ್ಚು ಅಂದಾಜನ್ನು ಎಲ್ಲೋ ಮೀರಿತ್ತು. ಅದಕ್ಕಾಗಿ ಹಠ ಹಿಡಿದಿದ್ದ ರೈಲ್ವೆ ಅಧ್ಯಕ್ಷ ಸೋಗೊ ಶಿಂಜಿ 1963ರಲ್ಲಿ ಹುದ್ದೆ ಬಿಡಬೇಕಾಯಿತು, ಮುಖ್ಯ ಎಂಜಿನಿಯರ್ ಶಿಮಾ ಹಿದೆಯೊ ಕೂಡ ಜೊತೆಗೇ ಹೋದರು. 1964ರ ಅಕ್ಟೋಬರ್ 1ರಂದು ಮೊದಲ ಗಾಡಿ ಹೊರಟಾಗ ಇಬ್ಬರೂ ಆ ಹುದ್ದೆಗಳಲ್ಲಿ ಇರಲಿಲ್ಲ. ಇದು ಬಿಟ್ಟು ಚೆರ್ರಿ ಹೂವಿನ ಮೇಲೆ ಅರ್ಧ ಪುಟ ಬರೆದಿದ್ದೀರಲ್ಲ, ನನಗೆ ಹೊಟ್ಟೆ ಉರಿಯಿತು.

ಹಣದ ಪ್ಯಾರಾವನ್ನೂ ತಿದ್ದಬೇಕು. ಶುರುವಿನ ಅಂದಾಜು ಸುಮಾರು 1,08,000 ಕೋಟಿ ರೂಪಾಯಿ, ಅದರಲ್ಲಿ ಶೇ. 81 ಜಪಾನಿನ ಸಾಲ, ಬಡ್ಡಿ ಶೇ. 0.1, ತೀರಿಸಲು 50 ವರ್ಷ. ಅಂಕಿಗಳೆಲ್ಲ ಸರಿ. ಆದರೆ “ಹೆಚ್ಚುಕಡಿಮೆ ಪುಕ್ಕಟೆ” ಎಂದು ಹೇಗೆ ಬರೆದಿರಿ? ಸಾಲ ಇರುವುದು ಯೆನ್‌ನಲ್ಲಿ. 50 ವರ್ಷದಲ್ಲಿ ರೂಪಾಯಿ ಇಳಿದರೆ ಬಡ್ಡಿ ಮಾತ್ರ ಅಲ್ಲ, ರೂಪಾಯಿ ಲೆಕ್ಕದಲ್ಲಿ ಅಸಲೂ ಬೆಳೆಯುತ್ತದೆ. ಪಾಲ್ಘರ್ ಕಡೆಯ ಆದಿವಾಸಿಗಳ, ಚಿಕ್ಕು ತೋಟದವರ ವಿರೋಧವನ್ನು “ಕೆಲವು ಅಡಚಣೆಗಳು” ಎಂಬ ಎರಡೇ ಪದದಲ್ಲಿ ಮುಗಿಸಿದ್ದೀರಿ. 2017ರ ಸೆಪ್ಟೆಂಬರ್‌ನಲ್ಲಿ ಅಡಿಗಲ್ಲು ಬಿದ್ದ ಮೇಲೆ ಮಹಾರಾಷ್ಟ್ರದಲ್ಲಿ ನೆಲ ಸಿಗುವುದಕ್ಕೇ ವರ್ಷಗಳು ಹೋದವು. ನೀವು ಯೋಜನೆಯ ಪರವೇ ಇರಿ, ನನ್ನ ಅಡ್ಡಿ ಇಲ್ಲ. ಆದರೆ ಹಳಿ ಬಗ್ಗುವುದಿಲ್ಲ ಎಂದ ಮೇಲೆ ಯಾರ ತೋಟ ಬಗ್ಗಬೇಕಾಯಿತು ಎಂದು ಬರೆಯದಿದ್ದರೆ ಲೇಖನ ಅರ್ಧವೇ.

ಭಾಷೆಯ ಬಗ್ಗೆ ಒಂದೇ ಮಾತು. ‘ಲೋಹಪಥ’, ‘ಧೂಮಶಕಟ’ ಬೇಡ. ಇದರಲ್ಲಿ ಧೂಮವೂ ಇಲ್ಲ. ಹಳಿ ಅನ್ನಿ, ಗಾಡಿ ಅನ್ನಿ. ಕೊನೆಯ ಪುಟದ ಕವನ ಚೆನ್ನಾಗಿದೆ, ಬೇರೆಲ್ಲಾದರೂ ಕಳಿಸಿ.

ಬೆಂಚಿನಿಂದ ಶುರು ಮಾಡಿ ಐದು ಪುಟ ಬರೆಯಿರಿ. ಗಣೇಶನ ಹಬ್ಬದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಹಸ್ತಪ್ರತಿ ಈ ಪತ್ರದ ಜೊತೆಗೇ ಇದೆ. ನಾಲ್ಕನೇ ಪುಟದ ಮೇಲಿನ ಚಾದ ಕಲೆ ನನ್ನದು, ಕ್ಷಮಿಸಿ.