ಹಳೆಯ ಸ್ಪೋರ್ಟ್ಸ್ ಕಾರನ್ನು ದಿನಾ ಓಡಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡು ಅದರಲ್ಲೇ ದಿನಾ ಕೆಲಸಕ್ಕೆ ಹೋಗಿ ಬರಬೇಕು. ಬೇರೆ ಕಾರಿಲ್ಲ. ಒಂದು ಕಡೆಗೆ ಸುಮಾರು 20 ಕಿಲೋಮೀಟರ್. ಮಜ್ದಾ ಎಂಎಕ್ಸ್-5, ಪೋರ್ಷೆ ಬಾಕ್ಸ್‌ಸ್ಟರ್, ಮಜ್ದಾ ಆರ್‌ಎಕ್ಸ್-8, ಈ ಮೂರರ ಮೇಲೆ ಕಣ್ಣಿದೆ. ಎಂಎಕ್ಸ್-5ನಲ್ಲಿ ಎರಡು ನೋಡಿದ್ದೀರಿ, ಎರಡೂ ಸುಮಾರು 20 ವರ್ಷ ಹಳೆಯವು. ಒಂದು 35,000 ಕಿಲೋಮೀಟರ್ ಓಡಿದೆ, ಇನ್ನೊಂದು 1,30,000. ಕಡಿಮೆ ಓಡಿದ್ದನ್ನೇ ತಗೊಳ್ಳೋದು ಜಾಣತನ ಅಲ್ವಾ ಅಂತ ಕೇಳಿದ್ದೀರಿ.

ನನ್ನ ಉತ್ತರ: ಶೋಕಿಗೆ ಇಟ್ಟುಕೊಳ್ಳುವುದಾದರೆ ಹೌದು, ದಿನಾ ಓಡಿಸುವುದಾದರೆ ಅಲ್ಲ. ನಾನು ಎರಡನೇ ತಲೆಮಾರಿನ ಎಂಎಕ್ಸ್-5 ಓಡಿಸುತ್ತೇನೆ. ಎಷ್ಟೋ ವರ್ಷಗಳಿಂದ ನನಗೆ ಅದೊಂದೇ ಕಾರು. ಮಳೆ, ಟ್ರಾಫಿಕ್, ದಿನಸಿ ತರುವುದು, ಊರಿಗೆ ಹೋಗುವುದು, ಎಲ್ಲಕ್ಕೂ ಅದೇ. ಆ ಅನುಭವದಿಂದ ನನಗೆ ಗಟ್ಟಿಯಾಗಿ ಹೇಳಬೇಕೆನಿಸುವ ಮಾತು ಒಂದೇ: ಓಡಿದ ಕಾರು ತಗೊಳ್ಳಿ, ನಿಂತ ಕಾರು ಬೇಡ.

20 ವರ್ಷದಲ್ಲಿ 35,000 ಅಂದರೆ ವರ್ಷಕ್ಕೆ 2,000 ಕಿಲೋಮೀಟರೂ ಇಲ್ಲ. ಅಂದರೆ ಅದು ಹೆಚ್ಚಿನ ಕಾಲ ಶೆಡ್ಡಿನಲ್ಲೇ ನಿಂತಿತ್ತು. ನಿಂತ ಕಾರು ಹಾಳಾಗುವುದು ಕಣ್ಣಿಗೆ ಕಾಣುವುದಿಲ್ಲ. ಎಂಜಿನ್‌ನ ರಬ್ಬರ್ ಸೀಲ್‌ಗಳಿಗೆ ಆಯಿಲ್ ತಾಗುತ್ತಲೇ ಇರಬೇಕು. ತಿಂಗಳುಗಟ್ಟಲೆ ತಾಗದಿದ್ದರೆ ಒಣಗಿ ಗಟ್ಟಿಯಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಆ ತೇವದಿಂದ ಒಳಗಿನ ಲೋಹಕ್ಕೆ ತುಕ್ಕು ಹಿಡಿದು, ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಬಿಗಿಯಾಗುತ್ತದೆ. ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ. ಬ್ಯಾಟರಿ ಪದೇ ಪದೇ ಪೂರ್ತಿ ಇಳಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಎಂಜಿನ್‌ನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್‌ಗೆ ಕಿಲೋಮೀಟರ್ ಲೆಕ್ಕ ಇದ್ದ ಹಾಗೆ ವರ್ಷದ ಲೆಕ್ಕವೂ ಇದೆ. ಮೀಟರ್ ಕಡಿಮೆ ತೋರಿಸುತ್ತಿದೆ ಅಂತ ಯಾರೂ ಬೆಲ್ಟ್ ಮುಟ್ಟಿರುವುದಿಲ್ಲ. ನೀವು ದಿನಕ್ಕೆ 40 ಕಿಲೋಮೀಟರ್ ಓಡಿಸಲು ಶುರು ಮಾಡಿದರೆ, ಎರಡೇ ತಿಂಗಳಲ್ಲಿ ಆ ಕಾರು ಹಿಂದೆ ಒಂದು ವರ್ಷಕ್ಕೆ ಓಡುತ್ತಿದ್ದಷ್ಟು ಓಡಿರುತ್ತದೆ. ಇಷ್ಟು ದಿನ ಅಡಗಿ ಕೂತಿದ್ದ ತೊಂದರೆಗಳೆಲ್ಲ ಆಗ ಒಂದರ ಹಿಂದೆ ಒಂದು ಹೊರಗೆ ಬರುತ್ತವೆ. ಅದೂ ನೀವು ಕೆಲಸಕ್ಕೆ ಹೊರಟ ಹೊತ್ತಿಗೆ.

ಇನ್ನೊಂದು ಕಾರು ವರ್ಷಕ್ಕೆ ಸರಾಸರಿ 6,500 ಕಿಲೋಮೀಟರ್ ಓಡಿದೆ. ಅದನ್ನು ಯಾರೋ ನಿಜವಾಗಿ ಬಳಸಿದ್ದಾರೆ. ಹಾಳಾಗಬೇಕಾದ್ದು ಹಾಳಾಗಿ, ಬದಲಾಗಿರುವ ಸಾಧ್ಯತೆ ಜಾಸ್ತಿ. ಆದರೆ ಅದಕ್ಕೆ ಬಿಲ್ ಬೇಕು. ಬಿಲ್ ಇಲ್ಲದ 1,30,000ವೂ ಬೇಡ. ಕಾರು ನೋಡುವ ಮೊದಲು ಬಿಲ್‌ಗಳ ಫೈಲ್ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಯಿಲ್ ಯಾವಾಗ ಬದಲಾಯಿತು, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಯಾವಾಗ, ಬೆಲ್ಟ್ ಮತ್ತು ಅದರ ಜೊತೆಗೆ ವಾಟರ್ ಪಂಪ್ ಹಾಕಿದ್ದಾರಾ, ಕ್ಲಚ್ ಯಾವಾಗ. ಈ ನಾಲ್ಕಕ್ಕೆ ಕಾಗದದಲ್ಲಿ ಉತ್ತರ ಸಿಗಬೇಕು. ಮಾಲೀಕರ ಬಾಯಿಮಾತು ಸಾಲದು, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಟೈರ್ ಒಂದು ಒಳ್ಳೆಯ ಸಾಕ್ಷಿ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಾಗಿದ್ದರೂ ಹತ್ತು ವರ್ಷದ ಟೈರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ನಾಲ್ಕೂ ಒಂದೇ ಕಂಪನಿಯ, ಒಳ್ಳೆಯ ಟೈರ್ ಇದ್ದರೆ ಆ ಮಾಲೀಕರು ಕಾರಿಗೆ ಖರ್ಚು ಮಾಡಿದ್ದಾರೆ ಅಂತ ನಾನು ನಂಬುತ್ತೇನೆ. ಹಾಗೆಯೇ ಟೈರಿನ ಒಳ ಅಂಚನ್ನು ಬಗ್ಗಿ, ಕೈ ಹಾಕಿ ನೋಡಿ. ಸ್ಪೋರ್ಟ್ಸ್ ಕಾರುಗಳ ಚಕ್ರಗಳನ್ನು ಮೇಲ್ಭಾಗ ಸ್ವಲ್ಪ ಒಳಗೆ ವಾಲುವಂತೆ ಕೂರಿಸಿರುತ್ತಾರೆ, ತಿರುವಿನಲ್ಲಿ ಹಿಡಿತ ಚೆನ್ನಾಗಿರಲಿ ಅಂತ. ಅದರಿಂದ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟೈರ್ ಹೊಸದರಂತೆ ಕಾಣುತ್ತದೆ, ಒಳಗೆ ತಂತಿ ಹೊರಬಂದಿರುತ್ತದೆ. ದಿನಾ ಓಡಿಸುವವರು ಇದನ್ನು ಅಭ್ಯಾಸವಾಗಿ ನೋಡಿಕೊಳ್ಳಬೇಕು.

ಈಗ ನಿಮ್ಮ ಮೂರು ಕಾರುಗಳು.

ಎಂಎಕ್ಸ್-5 ನನ್ನದೂ ಹೌದು, ಹಾಗಾಗಿ ಪ್ರೀತಿ ಇದೆ. ಆದರೂ ಕಾರಣ ಇಟ್ಟೇ ಹೇಳುತ್ತೇನೆ. 1989ರಿಂದ ಈ ಕಾರು ಬರುತ್ತಿದೆ, 2016ರಲ್ಲಿ ಹತ್ತು ಲಕ್ಷ ದಾಟಿತು. ಇಷ್ಟು ಕಾರು ರಸ್ತೆಗೆ ಬಂದಿದ್ದರೆ ಬಿಡಿಭಾಗ ಸಿಗುತ್ತದೆ, ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ. ಅದಕ್ಕಿಂತ ದೊಡ್ಡ ಮಾತು ತೂಕ. ಒಂದು ಟನ್ನಿನ ಆಸುಪಾಸು ಇರುವ ಕಾರು ನಿಲ್ಲಲು ಬ್ರೇಕ್ ಹೆಚ್ಚು ಶ್ರಮ ಪಡಬೇಕಿಲ್ಲ. ಪ್ಯಾಡ್, ಡಿಸ್ಕ್, ಟೈರ್, ಬುಷ್, ಎಲ್ಲವೂ ಜಾಸ್ತಿ ಕಾಲ ಬರುತ್ತವೆ. ಟೈರ್ ಅಳತೆಯೂ ಚಿಕ್ಕದು, ಸಾಧಾರಣವಾದದ್ದು. ದಿನದ ಖರ್ಚು ಕಡಿಮೆಯಾಗುವುದು ಇಲ್ಲೇ, ಪೆಟ್ರೋಲಿನಲ್ಲಿ ಅಷ್ಟೊಂದು ಅಲ್ಲ. ಇದರ ದೊಡ್ಡ ಶತ್ರು ತುಕ್ಕು. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಸಣ್ಣ ತೂತುಗಳಿಂದ ಕೆಳಗೆ ಇಳಿದು ಹೋಗಬೇಕು. ಎಲೆ, ಧೂಳು ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಬಾಗಿಲ ಕೆಳಗಿನ ಸಿಲ್ ಒಳಗಿನಿಂದಲೇ ಕೊಳೆಯುತ್ತದೆ. ಹಿಂದಿನ ಚಕ್ರದ ಮುಂದೆ, ಸಿಲ್ ಮುಗಿಯುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಬಣ್ಣ ಉಬ್ಬಿದ್ದರೆ ಒಳಗೆ ಅದಕ್ಕಿಂತ ಬಹಳ ಜಾಸ್ತಿ ಹೋಗಿರುತ್ತದೆ. ಎಂಜಿನ್ ತೊಂದರೆಯನ್ನು ಸರಿ ಮಾಡಿಸಬಹುದು, ಸಿಲ್ ಕೊಳೆತ ಕಾರನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಬಾಕ್ಸ್‌ಸ್ಟರ್ ಓಡಿಸಲು ಬಹಳ ಸೊಗಸು. ಎಂಜಿನ್ ಮಧ್ಯದಲ್ಲಿ, ಹಾಗಾಗಿ ಮುಂದೆ ಒಂದು, ಹಿಂದೆ ಒಂದು, ಎರಡು ಡಿಕ್ಕಿ. ದಿನದ ಬಳಕೆಗೆ ಇದು ನಿಜಕ್ಕೂ ಅನುಕೂಲ. ಆದರೆ 1996ರಲ್ಲಿ ಬಂದ ಮೊದಲ ತಲೆಮಾರಿನಿಂದ 2008ರವರೆಗಿನ ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್ ಅಂತ, ಎಂಜಿನ್ ಒಳಗಿನ ನಡುವಿನ ಶಾಫ್ಟ್‌ಗೆ ಆಧಾರವಾಗಿರುವ ಒಂದು ಭಾಗ ಇದೆ. ಅದು ಮುರಿದರೆ ಎಂಜಿನ್ನೇ ಹೋಗುತ್ತದೆ. ಎಲ್ಲ ಕಾರಿನಲ್ಲೂ ಮುರಿಯುವುದಿಲ್ಲ, ಮುರಿಯದೆ ಓಡುತ್ತಿರುವವೇ ಹೆಚ್ಚು. ಆದರೆ ನಿಮಗೆ ಇದೊಂದೇ ಕಾರು. ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರು ಇದೆಯಾ ನೋಡಿಸದೆ ಮುಂಗಡ ಕೊಡಬೇಡಿ. ಮೊದಲ ತಲೆಮಾರಿನದಾದರೆ ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸುವಾಗಲೇ ಈ ಬೇರಿಂಗ್ ಬದಲಾಯಿಸಿಬಿಡುವುದು ರೂಢಿ, ಯಾಕೆಂದರೆ ಅರ್ಧ ಕೂಲಿ ಆಗಲೇ ಕೊಟ್ಟಾಗಿರುತ್ತದೆ. 2009ರಿಂದ ಬಂದ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಕೈಗೆಟಕಿದರೆ ಅದನ್ನೇ ನೋಡಿ. ಇನ್ನೊಂದು ವಿಷಯ. ಈ ಕಾರಿನ ಕಂಪ್ಯೂಟರ್, ಎಂಜಿನ್ ಮಿತಿ ಮೀರಿ ತಿರುಗಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಐದನೇ ಗೇರಿಗೆ ಹಾಕಲು ಹೋಗಿ ಮೂರಕ್ಕೆ ಹಾಕಿದವರ ಲೆಕ್ಕವೂ ಅಲ್ಲಿರುತ್ತದೆ. ಸರಿಯಾದ ಸ್ಕ್ಯಾನರ್ ಇರುವವರಿಂದ ಅದನ್ನು ಓದಿಸಿ.

ಆರ್‌ಎಕ್ಸ್-8 ಬಗ್ಗೆ ಕೇಳಿದರೆ ನನಗೆ ಸ್ವಲ್ಪ ಬೇಸರವೇ ಆಗುತ್ತದೆ, ಅಷ್ಟು ಚೆಂದದ ಕಾರು. ನಾಲ್ಕು ಸೀಟು, ಹಿಂದಿನ ಬಾಗಿಲು ಉಲ್ಟಾ ತೆರೆಯುತ್ತದೆ, ಮೇಲೆ ಕೆಳಗೆ ಆಡುವ ಪಿಸ್ಟನ್ ಬದಲು ತ್ರಿಕೋನದ ರೋಟರ್ ಸುತ್ತುವ, ರೇಷ್ಮೆಯಂತೆ ತಿರುಗುವ ರೋಟರಿ ಎಂಜಿನ್. ಆದರೆ ನಿಮ್ಮ ಬಳಕೆಗೆ ಬೇಡ ಅನ್ನುತ್ತೇನೆ. ಈ ಎಂಜಿನ್‌ನಲ್ಲಿ ರೋಟರ್‌ನ ಅಂಚಿನ ಸೀಲ್‌ಗಳು ಸವೆಯದಿರಲಿ ಅಂತ ಆಯಿಲನ್ನು ಬೇಕಂತಲೇ ಒಳಗೆ ಸಿಂಪಡಿಸುತ್ತಾರೆ. ಅಂದರೆ ಆಯಿಲ್ ಸುಡುವುದು ಅದರ ಗುಣ, ರೋಗ ಅಲ್ಲ. ಪೆಟ್ರೋಲ್ ಹಾಕಿಸಿದಾಗೆಲ್ಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವ ಅಭ್ಯಾಸ ಬೇಕು. ಅದಕ್ಕಿಂತ ಕಷ್ಟ ಎಂದರೆ, ತಣ್ಣಗಿನ ಎಂಜಿನ್ ಶುರು ಮಾಡಿ, ಪಕ್ಕದವರ ಗಾಡಿಗೆ ಜಾಗ ಬಿಡಲು ನಾಲ್ಕು ಅಡಿ ಸರಿಸಿ ಆಫ್ ಮಾಡಿದರೆ, ಸ್ಪಾರ್ಕ್ ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆಂದು ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು. ದಿನದ ಬದುಕಿನಲ್ಲಿ ಕಾರು ಹೀಗೆ ಸರಿಸುವುದು ಇದ್ದದ್ದೇ. ಹಟ ಮಾಡಿ ತಗೊಳ್ಳುವುದಾದರೆ ಕಂಪ್ರೆಷನ್ ಪರೀಕ್ಷೆ, ಅಂದರೆ ಎಂಜಿನ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ ಮಾಡಿಸಿ. ರೋಟರಿಗೆ ಅಂತಲೇ ಬೇರೆ ಟೆಸ್ಟರ್ ಇದೆ, ಮಾಮೂಲಿ ಗೇಜ್‌ನಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ.

ನಿಮ್ಮ 20 ಕಿಲೋಮೀಟರ್ ದಾರಿ ಒಳ್ಳೆಯ ದೂರ ಅಂತ ಹೇಳಲೇಬೇಕು. ಕೆಲಸ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಇದ್ದಿದ್ದರೆ ಈ ಯೋಚನೆಯೇ ಬೇಡ ಅನ್ನುತ್ತಿದ್ದೆ. ಎಂಜಿನ್ ತಣ್ಣಗಿರುವಾಗ ಸ್ವಲ್ಪ ಪೆಟ್ರೋಲ್, ಸ್ವಲ್ಪ ನೀರಿನ ತೇವ ಆಯಿಲ್‌ಗೆ ಸೇರುತ್ತದೆ. ಆಯಿಲ್ ಪೂರ್ತಿ ಬಿಸಿಯಾದರೆ ಅವು ಆವಿಯಾಗಿ ಹೋಗುತ್ತವೆ. ಸಣ್ಣ ಓಡಾಟದಲ್ಲಿ ಬಿಸಿಯಾಗುವ ಮೊದಲೇ ಆಫ್ ಮಾಡುತ್ತೇವೆ, ಅಲ್ವಾ? ಅದು ದಿನಾ ಆದರೆ ಆಯಿಲ್ ಕೆಡುತ್ತದೆ. ಇಲ್ಲಿ ಬಹಳ ಜನ ಮೀಟರಿನ ಮುಳ್ಳು ನೋಡಿ ನಿರ್ಧಾರ ಮಾಡುತ್ತಾರೆ. ಆ ಮುಳ್ಳು ತೋರಿಸುವುದು ಕೂಲಂಟ್ ಬಿಸಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಸಾಕಷ್ಟು ಜಾಸ್ತಿ ಹೊತ್ತು ಬೇಕು. ಮುಳ್ಳು ಮಧ್ಯಕ್ಕೆ ಬಂದ ಮೇಲೂ ಕೆಲವು ಕಿಲೋಮೀಟರ್ ಮೆಲ್ಲಗೆ ಹೋಗಿ. ಹೋಂಡಾ ಎಸ್2000ದಂತೆ 9,000 ಆರ್‌ಪಿಎಂವರೆಗೆ ತಿರುಗುವ ಎಂಜಿನ್ ಆಗಿದ್ದರಂತೂ ಈ ತಾಳ್ಮೆ ಬೇಕೇ ಬೇಕು. ಬಿಸಿಯಾದ ಮೇಲೆ ಮಾತ್ರ ಹೆದರಬೇಡಿ, ಆಗಾಗ ಕೆಂಪು ಗೆರೆಯ ಹತ್ತಿರಕ್ಕೆ ಹೋಗಿ ಬನ್ನಿ. ಆ ಎಂಜಿನ್ ಕಟ್ಟಿರುವುದೇ ಅದಕ್ಕೆ.

ಟ್ರಾಫಿಕ್ ಜಾಸ್ತಿ ಇರುವ ದಾರಿಯಾದರೆ ಕ್ಲಚ್ ಬೇಗ ಸವೆಯುತ್ತದೆ. ಕಾಲು ಪೆಡಲ್ ಮೇಲೆ ಸುಮ್ನೆ ಇಟ್ಟುಕೊಳ್ಳಬೇಡಿ, ನಿಂತಾಗ ನ್ಯೂಟ್ರಲ್‌ಗೆ ಹಾಕಿ. ಎತ್ತರದ ಹಂಪ್ ಬಂದರೆ ಕಾರನ್ನು ಸ್ವಲ್ಪ ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಿ. ಸ್ಪ್ರಿಂಗ್ ಕತ್ತರಿಸಿ ಇನ್ನೂ ತಗ್ಗಿಸಿದ ಕಾರು, ದೊಡ್ಡ ಸೈಲೆನ್ಸರ್ ಹಾಕಿದ ಕಾರು, ಎಂಜಿನ್ ಟ್ಯೂನ್ ಮಾಡಿಸಿದ ಕಾರು, ಇವನ್ನು ದೂರ ಇಡಿ. ವಾರಕ್ಕೊಮ್ಮೆ ಓಡಿಸಲು ಅವು ಖುಷಿ ಕೊಡಬಹುದು. ದಿನಾ ಬೆಳಗ್ಗೆ ಸಂಜೆ ಆ ಸದ್ದು, ಆ ಕುಲುಕಾಟ ನಿಮ್ಮನ್ನು ದಣಿಸಿ ಕಾರಿನ ಮೇಲೇ ಸಿಟ್ಟು ಬರಿಸುತ್ತದೆ. ಕಂಪನಿಯಿಂದ ಬಂದ ಹಾಗೇ ಇರುವ ಕಾರು ಹುಡುಕಿ.

ಹಳೆಯ ಸ್ಪೋರ್ಟ್ಸ್ ಕಾರುಗಳು ಬಹುಪಾಲು ಹಿಂದಿನ ಚಕ್ರ ತಳ್ಳುವ ಬಗೆಯವು, ಎಷ್ಟೋ ಕಾರುಗಳಲ್ಲಿ ಜಾರಿದಾಗ ಕಾಪಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಬೇಡಿ, ಒಮ್ಮೆಲೇ ಬಿಡಲೂ ಬೇಡಿ. ರೇಸ್ ಟ್ರ್ಯಾಕಿನ ಟೈರ್ ಹಾಕಿ ಮಳೆಯಲ್ಲಿ ಓಡಾಡುವುದು ಅಪಾಯ. ತುಂಬಾ ಚಳಿಯ ಜಾಗದಲ್ಲಿದ್ದರೆ ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆಯ ಟೈರ್ ಗಟ್ಟಿಯಾಗುತ್ತದೆ, ಚಳಿಗಾಲದ್ದು ಬೇರೆ ಇಟ್ಟುಕೊಳ್ಳಿ.

ಹಣದ ವಿಷಯ. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನೀವು ಸಾಧಾರಣ ಕಾರಿನ ಬೆಲೆಗೆ ಬಾಕ್ಸ್‌ಸ್ಟರ್ ತಗೊಂಡರೂ ಅದರ ಡಿಸ್ಕ್, ರೇಡಿಯೇಟರ್‌ಗಳಿಗೆ ಪೋರ್ಷೆ ಬೆಲೆಯೇ. ಹಾಗಾಗಿ ಕೈಲಿರುವ ಹಣವೆಲ್ಲ ಕಾರಿಗೇ ಸುರಿಯಬೇಡಿ. ಐದನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಅಂತ ಪಕ್ಕಕ್ಕಿಡಿ. ಆ ದುಡ್ಡು ಉಳಿಯುವುದಿಲ್ಲವಾದರೆ ಒಂದು ಮೆಟ್ಟಿಲು ಕೆಳಗಿನ ಕಾರು ನೋಡಿ. ಸೋರುವ ಬಾಕ್ಸ್‌ಸ್ಟರ್‌ಗಿಂತ ಗಟ್ಟಿಮುಟ್ಟಾದ ಎಂಎಕ್ಸ್-5 ಎಷ್ಟೋ ಮೇಲು.

ಕಾರಿಗಿಂತ ಮೊದಲು ಮೆಕ್ಯಾನಿಕ್ ಹುಡುಕಿಕೊಳ್ಳಿ. ಆ ಮಾಡೆಲ್ ಬಿಚ್ಚಿ ಗೊತ್ತಿರುವವರು, ಫೋನ್ ಎತ್ತುವವರು. ಅವರನ್ನೇ ಕಾರು ನೋಡಲು ಕರೆದುಕೊಂಡು ಹೋಗಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು, ಮಾಲೀಕರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಸಾಧ್ಯವಾದರೆ ನೀವು ದಿನಾ ಹೋಗುವ ದಾರಿಯಲ್ಲೇ, ಅದೇ ಹೊತ್ತಿನಲ್ಲಿ ಓಡಿಸಿ. ಅಷ್ಟು ತಗ್ಗಿನ ಸೀಟಿನಿಂದ ಏಳುವಾಗ ಸೊಂಟ ಏನನ್ನುತ್ತದೆ, ಟಾಪ್ ಮುಚ್ಚಿದಾಗ ಹಿಂದಿನ ಗಾಡಿ ಕಾಣುತ್ತದಾ, ಪಾರ್ಕಿಂಗ್‌ನಲ್ಲಿ ಆ ಉದ್ದ ಬಾಗಿಲು ತೆರೆಯಲು ಜಾಗ ಇದೆಯಾ, ಆಗಲೇ ತಿಳಿಯುತ್ತದೆ.

ಕಾರು ಗ್ಯಾರೇಜಿನಲ್ಲಿ ನಿಲ್ಲುವ ದಿನಗಳು ಬಂದೇ ಬರುತ್ತವೆ. ಒಂದು ಸಣ್ಣ ಭಾಗ ಬರಲು ವಾರ ಹಿಡಿಯಬಹುದು. ಆ ವಾರ ಕೆಲಸಕ್ಕೆ ಹೋಗಲು ಬಸ್ಸೋ, ರೈಲೋ, ಜೊತೆಯವರ ಗಾಡಿಯೋ ಏನಾದರೂ ಇರಬೇಕು. ಅದು ಯಾವುದೂ ಇಲ್ಲದಿದ್ದರೆ ಈಗಲೇ ಈ ಕಾರಿಗೆ ಕೈ ಹಾಕಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಇನ್ಶೂರೆನ್ಸ್ ಮಾಡಿಸುವಾಗ ದಿನಾ ಕೆಲಸಕ್ಕೆ ಓಡಿಸುತ್ತೇನೆ ಅಂತ ಸ್ಪಷ್ಟವಾಗಿ ಬರೆಸಿ. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಅಂತ ಇರುವ ಕೆಲವು ಅಗ್ಗದ ಪಾಲಿಸಿಗಳಲ್ಲಿ ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಇರುತ್ತದೆ, ಕೆಲಸದ ಓಡಾಟ ಸೇರುವುದೇ ಇಲ್ಲ. ಸಹಿ ಹಾಕುವ ಮೊದಲು ಆ ಸಾಲು ಹುಡುಕಿ ಓದಿ.